ಯಾವ ಕ್ಯಾಮೆರಾ ಎಂದು ಕೇಳಬೇಡಿ

ಒಂದು ಫೋಟೊ ಕಣ್ಣ ಮುಂದೆ ಬಂದಾಗ ನಮ್ಮ ಬಾಯಿಂದ ಮೊದಲು ಹೊರಡುವ ಮಾತು ಯಾವುದು? ಈಕೆ ಯಾರು ಎಂದಲ್ಲ. ಇದು ಯಾವ ಊರಿನ ಬೀದಿ ಎಂದಲ್ಲ. ಆ ಹುಡುಗ ಯಾಕೆ ಗೋಡೆಗೆ ಮುಖ ಮಾಡಿ ನಿಂತಿದ್ದಾನೆ ಎಂದೂ ಅಲ್ಲ. ‘ಯಾವ ಕ್ಯಾಮೆರಾ ಸರ್?’ ಅದರ ಬೆನ್ನಿಗೇ ‘ಲೆನ್ಸ್ ಯಾವುದು, ಅಪರ್ಚರ್ ಎಷ್ಟು?’ ಉತ್ತರ ಸಿಕ್ಕಿತೆಂದರೆ ಚರ್ಚೆ ಮುಗಿಯಿತು. ಆ ಕ್ಯಾಮೆರಾ ಅಂಗೈಯಲ್ಲಿ ಹಿಡಿಯುವಂಥ ಪುಟ್ಟ ಫುಲ್‌ಫ್ರೇಮ್ ಆಗಿದ್ದರಂತೂ, ಸೋನಿಯ ಆರ್‌ಎಕ್ಸ್1 ಸಾಲಿನದೋ ಲೈಕಾ ಕ್ಯೂ ಸಾಲಿನದೋ ಆಗಿದ್ದರಂತೂ, ಫೋಟೊವನ್ನು ನೋಡುವ ಮೊದಲೇ ಮೆಚ್ಚುಗೆ ಸಿದ್ಧವಾಗಿರುತ್ತದೆ. ಸಾವಿರ ಜನ ಸಾವಿರ ಫೋಟೊ ಹಂಚಿಕೊಳ್ಳುತ್ತಾರೆ. ಎಲ್ಲದರ ಕೆಳಗೂ ಒಂದೇ ಮಾತು: ‘ಎಂಥ ಶಾರ್ಪ್! ಎಂಥ ಬೊಕೆ!’ ಬೊಕೆ ಎಂದರೆ ಹಿನ್ನೆಲೆ ಚೆಂದವಾಗಿ ಮಸುಕಾಗುವುದು.

ಇದು ಹವ್ಯಾಸಿಗಳ ಹರಟೆ, ಯಾರಿಗೂ ಕೇಡಿಲ್ಲ ಎಂಬುದು ಎಲ್ಲರೂ ಒಪ್ಪಿ ಸುಮ್ಮನಾಗಿರುವ ಮಾತು. ನಾನು ಒಪ್ಪುವುದಿಲ್ಲ. ಇದರಿಂದ ಕೇಡಾಗಿದೆ, ಆಗುತ್ತಲೂ ಇದೆ. ಚಿತ್ರ ನೋಡುವ ನಮ್ಮ ಶಕ್ತಿಯನ್ನು ಇದು ಕುಂದಿಸಿದೆ. ಚಿತ್ರದೊಳಗಿನ ಮನುಷ್ಯನನ್ನು ಲೆನ್ಸ್ ಪರೀಕ್ಷೆಯ ಸಾಮಾನಾಗಿ ಮಾಡಿದೆ. ಕಲಿಯಬೇಕೆಂದು ಬಂದ ಹುಡುಗ ಹುಡುಗಿಯರಿಗೆ ಅಂಗಡಿಯ ದಾರಿ ತೋರಿಸಿ ಕಳಿಸಿದೆ.

ಮೊದಲು ಈ ಕ್ಯಾಮೆರಾಗಳ ವಿಷಯ. 2012ರಲ್ಲಿ ಬಂದ ಆರ್‌ಎಕ್ಸ್1ರ ತೂಕ ಅರ್ಧ ಕಿಲೋಗಿಂತ ಕಡಿಮೆ. ಒಳಗೆ 24×36 ಮಿಲಿಮೀಟರಿನ ಫುಲ್‌ಫ್ರೇಮ್ ಸೆನ್ಸರ್, ಎಂದರೆ ಹಳೆಯ 35 ಎಂಎಂ ಫಿಲ್ಮಿನ ಒಂದು ಚೌಕಟ್ಟಿನಷ್ಟು. ಮುಂದೆ ಬಿಚ್ಚಲಾಗದ 35 ಎಂಎಂ ಎಫ್/2 ಝೈಸ್ ಲೆನ್ಸ್. 2015ರಲ್ಲಿ ಬಂದ ಲೈಕಾ ಕ್ಯೂ ಸ್ವಲ್ಪ ದೊಡ್ಡದು, ಲೆನ್ಸ್ 28 ಎಂಎಂ ಎಫ್/1.7. ಎರಡರಲ್ಲೂ ಝೂಮ್ ಇಲ್ಲ. ದೂರದಲ್ಲಿರುವುದು ಹತ್ತಿರ ಕಾಣಬೇಕಾದರೆ ನೀವೇ ಹತ್ತಿರ ಹೋಗಬೇಕು. ಇವು ಒಳ್ಳೆಯ ಕ್ಯಾಮೆರಾಗಳು, ನಿಜವಾಗಿಯೂ ಒಳ್ಳೆಯವು. ಮಬ್ಬುಬೆಳಕಿನಲ್ಲಿ ಕೈಕೊಡುವುದಿಲ್ಲ, ಬಣ್ಣ ಕೆಡಿಸುವುದಿಲ್ಲ, ಜೇಬಿನಲ್ಲೋ ಚೀಲದಲ್ಲೋ ಸದಾ ಜೊತೆಗಿರುತ್ತವೆ. ನನ್ನ ಆಕ್ಷೇಪ ಯಂತ್ರದ ಮೇಲಲ್ಲ. ಆ ಯಂತ್ರ ಕೈಗೆ ಬಂದ ಮೇಲೆ ನಾವು ಆಡುತ್ತಿರುವ ಮಾತಿನ ಮೇಲೆ.

ಕ್ಯಾಮೆರಾ ಚಿಕ್ಕದಾಗಿದ್ದು ಯಾತಕ್ಕೆ ಎಂಬುದನ್ನು ನಾವು ಮರೆತಿದ್ದೇವೆ. ಜರ್ಮನಿಯ ವೆಟ್ಸ್‌ಲಾರ್ ಊರಿನ ಲೈಟ್ಸ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಆಸ್ಕರ್ ಬಾರ್ನಾಕ್‌ಗೆ ಉಬ್ಬಸವಿತ್ತು. ಗಾಜಿನ ಪ್ಲೇಟುಗಳ ಭಾರದ ಕ್ಯಾಮೆರಾ ಹೊತ್ತು ಬೆಟ್ಟ ಗುಡ್ಡ ಅಲೆಯುವುದು ಅವನಿಂದ ಆಗುತ್ತಿರಲಿಲ್ಲ. ಸಿನಿಮಾ ಫಿಲ್ಮನ್ನು ಅಡ್ಡಲಾಗಿ ಓಡಿಸಿ, ಸಿನಿಮಾದ ಎರಡು ಚೌಕಟ್ಟಿನ ಜಾಗದಲ್ಲಿ ಒಂದು ಚಿತ್ರ ಮೂಡುವಂತೆ ಅವನು ಮಾಡಿದ ಕ್ಯಾಮೆರಾದಿಂದಲೇ ಈ 24×36ರ ಅಳತೆ ಜಗತ್ತಿನಲ್ಲಿ ನೆಲೆಯೂರಿತು. 1920ರಲ್ಲಿ ಅವನ ಊರಿಗೆ ನೆರೆ ನುಗ್ಗಿದಾಗ ಬಾರ್ನಾಕ್ ಆ ಪುಟ್ಟ ಕ್ಯಾಮೆರಾ ಹಿಡಿದು ನೀರು ತುಂಬಿದ ಬೀದಿಗೆ ಹೋದ. ಅದು ಲೈಕಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದದ್ದು ಇನ್ನೂ ಐದು ವರ್ಷದ ನಂತರ, 1925ರ ಲೈಪ್ಸಿಗ್ ಮೇಳದಲ್ಲಿ. ಅಂದಿನ ಪ್ಲೇಟ್ ಕ್ಯಾಮೆರಾಗಳ ಪಕ್ಕದಲ್ಲಿ ಇದರ ಚೌಕಟ್ಟು ಅಂಚೆಚೀಟಿಯಷ್ಟು ಚಿಕ್ಕದು. ಗುಣಮಟ್ಟದಲ್ಲಿ ಪ್ಲೇಟನ್ನು ಗೆಲ್ಲಲೆಂದು ಅದು ಹುಟ್ಟಲಿಲ್ಲ. ಭಾರದ ಪೆಟ್ಟಿಗೆ ತಲುಪಲಾಗದ ಕಡೆಗೆ ತಲುಪಲಿ, ನೆರೆ ಬಂದ ದಿನ ಬೀದಿಯಲ್ಲಿರಲಿ ಎಂದು ಹುಟ್ಟಿತು. ಅದೇ ಅಳತೆಯನ್ನು ಇಂದು ನಾವು ಅಂತಸ್ತಿನ ಗುರುತಾಗಿ ಎದೆಗೆ ಚುಚ್ಚಿಕೊಂಡಿದ್ದೇವೆ. ಮರೆಯಲ್ಲಿರಬೇಕಾದ ಕ್ಯಾಮೆರಾ ಚಿತ್ರದ ನಡುವೆ ಬಂದು ಕೂತಿದೆ. ಇದಕ್ಕಿಂತ ದೊಡ್ಡ ತಲೆಕೆಳಗು ಇನ್ನೇನಿದೆ?

ಶಾರ್ಪ್‌ನೆಸ್ ಎಂಬ ಆರಾಧನೆಯನ್ನೇ ತೆಗೆದುಕೊಳ್ಳಿ. 2025ರಲ್ಲಿ ಬಂದ ಮೂರನೆಯ ಆರ್‌ಎಕ್ಸ್1ಆರ್ 61 ಮೆಗಾಪಿಕ್ಸೆಲಿನದು. ಅದರ ಒಂದು ಫೋಟೊ ಅಡ್ಡಕ್ಕೆ ಒಂಬತ್ತೂವರೆ ಸಾವಿರ ಪಿಕ್ಸೆಲ್. ನಾವು ಅದನ್ನು ಹಂಚಿಕೊಳ್ಳುವುದು, ನೋಡುವುದು, ಹೊಗಳುವುದು ಎಲ್ಲಿ? ಮೊಬೈಲಿನಲ್ಲಿ, ಅಡ್ಡಕ್ಕೆ ಸಾವಿರ ಚಿಲ್ಲರೆ ಪಿಕ್ಸೆಲಿನ ಪರದೆಯಲ್ಲಿ. ಸಾಮಾನ್ಯ ಕಂಪ್ಯೂಟರ್ ಪರದೆ ಎಂದರೂ 1920×1080, ಎಂದರೆ ಎರಡು ಮೆಗಾಪಿಕ್ಸೆಲ್. 61ರಲ್ಲಿ 59 ಆಗಲೇ ಕಳೆದುಹೋಗಿದೆ. ಉಳಿದ ಎರಡರಲ್ಲಿ ಈ ಲೆನ್ಸಿನ ಮೂಲೆ ಆ ಲೆನ್ಸಿನ ಮೂಲೆಗಿಂತ ಸ್ಪಷ್ಟ ಎಂದು ಹೇಳುವವನು ಕಂಡದ್ದನ್ನು ಹೇಳುತ್ತಿಲ್ಲ. ಕ್ಯಾಮೆರಾದ ಹೆಸರು ಓದಿ, ಆ ಹೆಸರಿಗೆ ತಕ್ಕ ಗುಣವನ್ನು ಚಿತ್ರದ ಮೇಲೆ ಹೇರುತ್ತಿದ್ದಾನೆ. ಇಲ್ಲವೇ ಫೋಟೊವನ್ನು ನೂರಕ್ಕೆ ನೂರು ಹಿಗ್ಗಿಸಿ ಕಣ್ಣರೆಪ್ಪೆಯ ಒಂದೊಂದೇ ಕೂದಲು ಎಣಿಸುತ್ತಿದ್ದಾನೆ. ಹಾಗೆ ಎಣಿಸುವಾಗ ಆ ಕಣ್ಣು ಏನು ನೋಡುತ್ತಿತ್ತು, ಅದರಲ್ಲಿ ಭಯವಿತ್ತೋ ಬೇಸರವಿತ್ತೋ, ಅವನಿಗೆ ಕಾಣುವುದಾದರೂ ಹೇಗೆ? ಮುಖವೇ ಪರದೆಯಿಂದ ಹೊರಗೆ ಹೋಗಿರುತ್ತದಲ್ಲ.

ಶಾರ್ಪ್‌ನೆಸ್‌ಗಿಂತ ಹೆಚ್ಚಿನ ಹಾನಿ ಮಾಡಿರುವುದು ಬ್ಲರ್. ಇಷ್ಟು ಪುಟ್ಟ ಕ್ಯಾಮೆರಾದಲ್ಲಿ ಹಿನ್ನೆಲೆ ಬೆಣ್ಣೆಯ ಹಾಗೆ ಕರಗುವುದೇ ಫುಲ್‌ಫ್ರೇಮಿನ ಮಹಿಮೆ ಎಂದು ಎಲ್ಲರೂ ಸೇರಿ ತೀರ್ಮಾನಿಸಿದ್ದಾರೆ. ಲೆಕ್ಕ ಹಾಕಿ ನೋಡಿ. 35 ಎಂಎಂ ಲೆನ್ಸನ್ನು ಎಫ್/2ಕ್ಕೆ ತೆರೆದು ಎರಡು ಮೀಟರ್ ದೂರದ ವ್ಯಕ್ತಿಗೆ ಫೋಕಸ್ ಮಾಡಿದರೆ ಸುಮಾರು 40 ಸೆಂಟಿಮೀಟರಿನಷ್ಟು ಆಳ ಮಾತ್ರ ಸ್ಪಷ್ಟ. ಒಂದು ಮೊಳವೂ ಇಲ್ಲ. ಅದರಾಚೆಯದೆಲ್ಲ ಮಸುಕು.

ಈಗ ಮೈಸೂರಿನ ದೇವರಾಜ ಮಾರುಕಟ್ಟೆಗೆ ಬನ್ನಿ. ಸಯ್ಯಾಜಿರಾವ್ ರಸ್ತೆಯ ಪಕ್ಕದ ಆ ಮಾರುಕಟ್ಟೆಯ ಫೋಟೊಗಳನ್ನು ನೋಡದವರಿಲ್ಲ. ಗೋಪುರದಂತೆ ಪೇರಿಸಿದ ಕುಂಕುಮ, ಅದರ ಹಿಂದೆ ಒಂದು ಮುಖ. ಹೂ ಕಟ್ಟುವ ಬೆರಳು, ಅದರ ಹಿಂದೆ ಬಣ್ಣದ ಕಲೆಗಳು. ಒಂದಾದ ಮೇಲೊಂದು ನೋಡುತ್ತ ಹೋಗಿ. ಇದು ಮೈಸೂರೋ ಮಧುರೆಯೋ ಪುಷ್ಕರವೋ ಹೇಳಲು ಸಾಧ್ಯವೇ? ಆ ಹೂವಾಡಗಿತ್ತಿ ಕೂತ ಕಟ್ಟೆ, ತಕ್ಕಡಿ, ಬುಟ್ಟಿ, ನೀರು ಚಿಮುಕಿಸಿದ ಗೋಣಿ, ಪಕ್ಕದ ಬಾಳೆಹಣ್ಣಿನವನು, ಮೇಲಿನ ಮಾಡು, ಮಾಡಿನ ಸಂದಿಯಿಂದ ಬೀಳುವ ಬೆಳಕು, ದಾರಿಯಲ್ಲಿ ಚೌಕಾಸಿಗೆ ನಿಂತ ಗಿರಾಕಿ, ಎಲ್ಲ ಅಳಿಸಿಹೋಗಿದೆ. ಅಷ್ಟನ್ನೂ ಅಳಿಸಿದ್ದಕ್ಕೆ ‘ಎಂಥ ಬೊಕೆ ಸರ್!’ ಎಂಬ ಶಹಬಾಸ್.

ಆ ಅಳಿಸಿಹೋದ ಕಟ್ಟಡದ ಗತಿ ಏನಾಗಿದೆ ಗೊತ್ತೇ? 2016ರಲ್ಲಿ ಅದರ ಉತ್ತರ ದ್ವಾರದ ಭಾಗ ಕುಸಿದುಬಿತ್ತು. ಅದಕ್ಕೂ ಮೊದಲು, 2012ರಲ್ಲಿ, ಸಮೀಪದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜನ ಸತ್ತರು. ಮಾರುಕಟ್ಟೆಯನ್ನು ಕೆಡವಿ ಕಟ್ಟಬೇಕೋ ರಿಪೇರಿ ಮಾಡಿ ಉಳಿಸಬೇಕೋ ಎಂಬ ಜಗಳ ವರ್ಷಗಟ್ಟಲೆ ನಡೆದು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ವ್ಯಾಪಾರಿಗಳಿಗೆ ಅದು ಹೊಟ್ಟೆಪಾಡು, ಊರಿಗೆ ಅದು ನೂರು ವರ್ಷ ಮೀರಿದ ನೆನಪು. ಇಷ್ಟೆಲ್ಲ ನಡೆಯುತ್ತಿದ್ದ ಕಾಲದಲ್ಲೇ ದೇಶ ವಿದೇಶದ ಒಳ್ಳೆಯ ಕ್ಯಾಮೆರಾಗಳು ಅಲ್ಲಿ ದಿನವೂ ಓಡಾಡಿದವು. ಅವುಗಳಲ್ಲಿ ಎಷ್ಟು ಆ ಕಂಬಗಳನ್ನು, ಬಿರುಕುಗಳನ್ನು, ಮಳಿಗೆಗಳ ಸಾಲನ್ನು ಕಾಣುವಂತೆ ತೆಗೆದವು? ಅದೇ 35 ಎಂಎಂ ಲೆನ್ಸನ್ನು ಅದೇ ಎರಡು ಮೀಟರಿಗೆ ಫೋಕಸ್ ಮಾಡಿ ಎಫ್/8ಕ್ಕೆ ಕಿರಿದು ಮಾಡಿದರೆ ಒಂದೂವರೆ ಮೀಟರಿನಿಂದ ಮೂರು ಮೀಟರಿನಾಚೆಗೂ ಎಲ್ಲ ಸ್ಪಷ್ಟ. ಹೂವಾಡಗಿತ್ತಿಯೂ ಕಾಣುತ್ತಾಳೆ, ಅವಳ ಮಳಿಗೆಯೂ ಕಾಣುತ್ತದೆ, ಹಿಂದಿನ ಕಂಬವೂ ಗುರುತು ಸಿಗುತ್ತದೆ. ನಾಳೆ ಆ ಕಟ್ಟಡ ಇಲ್ಲವಾದರೆ ಅದು ದಾಖಲೆ. ಆದರೆ ಎಫ್/8ರ ಫೋಟೊಗೆ ಚಪ್ಪಾಳೆ ಇಲ್ಲ. ‘ಹಿನ್ನೆಲೆ ಗಜಿಬಿಜಿ ಆಯ್ತು, ಫುಲ್‌ಫ್ರೇಮ್ ಇಟ್ಟುಕೊಂಡು ಯಾಕೆ ಹೀಗೆ?’ ಎಂಬ ಸಲಹೆ ಬರುತ್ತದೆ. ಊರನ್ನೇ ಗಜಿಬಿಜಿ ಎಂದು ಕರೆಯುವ ಈ ದೃಷ್ಟಿಯನ್ನು ರುಚಿ ಎಂದು ಒಪ್ಪಬೇಕೇ?

ಇನ್ನು ಆ ಹೂವಾಡಗಿತ್ತಿಯ ವಿಷಯ. ಫೋಟೊ ಹಂಚಿಕೊಂಡವರಿಗೆ ಅವಳ ಹೆಸರು ಗೊತ್ತಿಲ್ಲ. ನೋಡಿದವರು ಕೇಳಲಿಲ್ಲ. ಅವಳಿಗೆ ತನ್ನ ಮುಖ ಎಲ್ಲೆಲ್ಲಿ ಸುತ್ತುತ್ತಿದೆ ಎಂಬುದರ ಸುಳಿವೇ ಇಲ್ಲ. ಈ ಕ್ಯಾಮೆರಾಗಳ ಶಟರ್ ಲೆನ್ಸಿನೊಳಗೇ ಇರುತ್ತದೆ, ಅದರ ಸದ್ದು ಪಕ್ಕದವರ ಕಿವಿಗೂ ಬೀಳುವುದಿಲ್ಲ. ‘ಗೊತ್ತೇ ಆಗದ ಹಾಗೆ ತೆಗೆಯಬಹುದು’ ಎಂಬುದನ್ನು ನಾವು ಸದ್ಗುಣಗಳ ಪಟ್ಟಿಯಲ್ಲಿ ಸೇರಿಸಿದ್ದೇವೆ. ಯಾರಿಗೆ ಗೊತ್ತಾಗದ ಹಾಗೆ? ಬೀದಿಯಲ್ಲಿ ಮಲಗಿದವನಿಗೆ, ನಲ್ಲಿಯಲ್ಲಿ ಮೈ ತೊಳೆಯುತ್ತಿರುವ ಕೂಲಿಯವನಿಗೆ, ಮಗುವಿಗೆ ಹಾಲೂಡಿಸುತ್ತಿರುವ ತಾಯಿಗೆ. ಅಮೆರಿಕದಲ್ಲಿ ಐದು ಸಾವಿರ ಡಾಲರ್ ದಾಟಿದ, ನಮ್ಮ ಲೆಕ್ಕದಲ್ಲಿ ನಾಲ್ಕು ಲಕ್ಷ ರೂಪಾಯಿಗೂ ಮೀರಿದ ಕ್ಯಾಮೆರಾ ಹಿಡಿದವನು ಇವರ ಚಿತ್ರ ತೆಗೆದು ಹಂಚುತ್ತಾನೆ. ಬಂದು ಸೇರಿದವರು ಚರ್ಮದ ಟೋನ್ ಚೆನ್ನಾಗಿ ಬಂದಿದೆ ಎನ್ನುತ್ತಾರೆ. ಸುಕ್ಕುಗಳಲ್ಲಿ ಡೀಟೇಲ್ ಅದ್ಭುತ ಎನ್ನುತ್ತಾರೆ. ನಮ್ಮ ಅಜ್ಜಿಯ ಮುಖದ ಬಗ್ಗೆ ಅಪರಿಚಿತರು ಹೀಗೆ ಮಾತಾಡಿದರೆ ನಾವು ಸುಮ್ಮನಿರುತ್ತೇವೆಯೇ?

28 ಅಥವಾ 35 ಎಂಎಂ ಲೆನ್ಸ್ ಒಂದೇ ಇರುವ ಕ್ಯಾಮೆರಾದ ನಿಜವಾದ ಬೆಲೆ ಇರುವುದು ಅದು ನಮ್ಮನ್ನು ಹತ್ತಿರ ಹೋಗಲು ಒತ್ತಾಯಿಸುವುದರಲ್ಲಿ. ನಾಲ್ಕು ಹೆಜ್ಜೆ ಹತ್ತಿರ ಹೋದರೆ ಆ ಮನುಷ್ಯ ತಲೆ ಎತ್ತಿ ನೋಡುತ್ತಾನೆ. ಆಗ ನಕ್ಕು ‘ಏನಣ್ಣಾ, ವ್ಯಾಪಾರ ಹೇಗಿದೆ?’ ಎನ್ನದೆ ವಿಧಿಯಿಲ್ಲ. ಬೇಡ ಎಂದರೆ ಕ್ಯಾಮೆರಾ ಇಳಿಸದೆ ವಿಧಿಯಿಲ್ಲ. ಆ ಒತ್ತಾಯವನ್ನೂ ಈಗ ಕೈಬಿಟ್ಟಾಗಿದೆ. ಮೆಗಾಪಿಕ್ಸೆಲ್ ಹೇರಳವಾಗಿರುವುದರಿಂದ ಒಂದು ಗುಂಡಿ ಒತ್ತಿದರೆ ಕ್ಯಾಮೆರಾವೇ ಚಿತ್ರವನ್ನು ಕತ್ತರಿಸಿ 50 ಅಥವಾ 70 ಎಂಎಂ ಲೆನ್ಸಿನಂತೆ ತೋರಿಸುತ್ತದೆ. ಇದನ್ನು ದೊಡ್ಡ ಅನುಕೂಲ ಎಂದು ನಮ್ಮವರು ಕೊಂಡಾಡುತ್ತಿದ್ದಾರೆ. ದೂರದಲ್ಲೇ ನಿಲ್ಲುವ ಅನುಕೂಲ, ಮಾತಾಡದಿರುವ ಅನುಕೂಲ, ಅನುಮತಿ ಕೇಳದಿರುವ ಅನುಕೂಲ. ಹೀಗೆ ತೆಗೆದ ಫೋಟೊದ ಕೆಳಗೆ ‘ಯಾವ ಕ್ರಾಪ್ ಮೋಡ್?’ ಎಂದು ಕೇಳುವವರಲ್ಲಿ ಒಬ್ಬರಾದರೂ ‘ಅವರನ್ನು ಮಾತಾಡಿಸಿದ್ರಾ?’ ಎಂದು ಕೇಳಿದ್ದಿದ್ದರೆ ತೆಗೆದವನ ಮುಂದಿನ ಫೋಟೊ ಬೇರೆಯಾಗಿರುತ್ತಿತ್ತು.

ಚರ್ಚೆ ಎಂದು ನಾವು ಕರೆಯುತ್ತಿರುವುದರಲ್ಲಿ ಚರ್ಚೆಯೇ ಇಲ್ಲ ಎಂಬುದು ನನ್ನ ಮುಂದಿನ ಆರೋಪ. ‘ಸೂಪರ್ ಸರ್’, ‘ಮಾಸ್ಟರ್‌ಪೀಸ್’, ಎರಡು ಕೈ ಜೋಡಿಸಿದ ಗುರುತು. ಟೀಕೆ ಮಾಡಿದರೆ ಅಸೂಯೆ ಎನ್ನುತ್ತಾರೆ, ಪ್ರಶ್ನೆ ಕೇಳಿದರೆ ಅಧಿಕಪ್ರಸಂಗ ಎನ್ನುತ್ತಾರೆ. ಕ್ಯಾಮೆರಾ ಕ್ಲಬ್ಬುಗಳ ಒಂದು ಗಟ್ಟಿ ಪರಂಪರೆ ನಮ್ಮಲ್ಲಿತ್ತು, ಈಗಲೂ ಪೂರ್ತಿ ಸತ್ತಿಲ್ಲ. ಬೆಂಗಳೂರಿನ ಯೂತ್ ಫೊಟೊಗ್ರಾಫಿಕ್ ಸೊಸೈಟಿ ಹುಟ್ಟಿದ್ದು 1971ರಲ್ಲಿ. ಟಿ.ಎನ್.ಎ. ಪೆರುಮಾಳ್ ಅವರಂಥ ವನ್ಯಜೀವಿ ಛಾಯಾಗ್ರಾಹಕರ ಕೈಕೆಳಗೆ ಎಷ್ಟೋ ಜನ ಬೆಳೆದರು. ಪ್ರಿಂಟನ್ನು ಕಣ್ಣೆತ್ತರಕ್ಕೆ ಇಟ್ಟು, ಹತ್ತು ಜನ ಸುತ್ತ ನಿಂತು, ಇಲ್ಲಿ ಕಣ್ಣು ಯಾಕೆ ಜಾರುತ್ತದೆ, ಈ ಮೂಲೆಯ ಬೆಳಕು ಯಾಕೆ ಬೇಕಿತ್ತು ಎಂದು ಮುಖಕ್ಕೆ ಮುಖ ಕೊಟ್ಟು ಹೇಳುವ ಪದ್ಧತಿಯಲ್ಲಿ ನೋವಿತ್ತು. ಆ ನೋವಿನಿಂದ ಜನ ಕಲಿತರು. ಇಂದು ಮೂರು ಸೆಕೆಂಡಿಗೊಂದು ಫೋಟೊ ಬೆರಳಡಿ ಸರಿದುಹೋಗುತ್ತದೆ. ಮೂರು ಸೆಕೆಂಡಿನಲ್ಲಿ ಬೊಕೆ ಕಾಣುತ್ತದೆ, ಚಿತ್ರ ಕಾಣುವುದಿಲ್ಲ.

ಕಲಿಯುವವರಿಗೆ ತಾಂತ್ರಿಕ ವಿವರ ಬೇಡವೇ ಎಂದು ಕೇಳುತ್ತಾರೆ. ಬೇಕು. ಆದರೆ ‘ಎಫ್/2, 1/250, ಐಎಸ್‌ಒ 400’ ಎಂದು ಬರೆದರೆ ಯಾರೂ ಏನನ್ನೂ ಕಲಿಯುವುದಿಲ್ಲ. ಸಂಜೆಯಾಗುತ್ತಿತ್ತು, ಹುಡುಗರು ಓಡುತ್ತಿದ್ದರು, ಕಾಲಿನ ಚಲನೆ ಕೊಂಚ ಮಸುಕಾಗಲಿ ಎಂದು ಶಟರ್ ನಿಧಾನ ಮಾಡಿದೆ ಎಂದು ಬರೆದರೆ ಕಲಿಯುತ್ತಾರೆ. ಸಂಖ್ಯೆಯ ಹಿಂದಿನ ಕಾರಣ ಹೇಳದವರು ವಿದ್ಯೆ ಹಂಚುತ್ತಿಲ್ಲ. ಅವರು ಹಂಚುತ್ತಿರುವುದು ಬಿಲ್ಲಿನ ನಕಲು.

ದುಡ್ಡು ಅವರದು, ಹೆಮ್ಮೆ ಪಟ್ಟರೆ ತಪ್ಪೇನು ಎಂಬುದು ಇನ್ನೊಂದು ಸಮಾಧಾನ. ಹೆಮ್ಮೆ ಪಡಲಿ. ಆದರೆ ಆ ಹೆಮ್ಮೆಯ ಮಾತೇ ಚರ್ಚೆಯ ಮಾತಾದರೆ ಯಾರ ಚಿತ್ರ ಕಾಣುತ್ತದೆ, ಯಾರದು ಕಾಣುವುದಿಲ್ಲ ಎಂಬುದನ್ನು ಕ್ಯಾಮೆರಾದ ಬೆಲೆಯೇ ನಿರ್ಧರಿಸುತ್ತದೆ. ಹತ್ತು ಸಾವಿರದ ಮೊಬೈಲಿನಲ್ಲಿ ತನ್ನ ಹಟ್ಟಿಯ ಬದುಕನ್ನು ಒಳಗಿನಿಂದ ತೆಗೆಯುತ್ತಿರುವ ರಾಯಚೂರು ಕಡೆಯ ಹುಡುಗಿಯ ಫೋಟೊವನ್ನು ಯಾರು ಕಣ್ಣೆತ್ತಿ ನೋಡುತ್ತಾರೆ? ಅವಳು ಕೇಳಿಸಿಕೊಳ್ಳುವ ಸಲಹೆ ಒಂದೇ: ಒಂದು ಒಳ್ಳೆ ಕ್ಯಾಮೆರಾ ತಗೊಳ್ಳಮ್ಮ. ಆ ಹಟ್ಟಿಯೊಳಗೆ ನಾಲ್ಕು ಲಕ್ಷದ ಕ್ಯಾಮೆರಾದವನಿಗೆ ಪ್ರವೇಶವೇ ಇಲ್ಲ. ಅಲ್ಲಿಯ ಚಿತ್ರ ಅವಳಿಂದ ಮಾತ್ರ ಸಾಧ್ಯ. ಅವಳನ್ನು ಅಂಗಡಿಗೆ ಕಳಿಸಿ ನಾವು ಕಳೆದುಕೊಂಡದ್ದು ಎಷ್ಟು!

ನಮ್ಮ ನೆನಪಿನಲ್ಲಿ ಉಳಿದ ಚಿತ್ರಗಳನ್ನೇ ಕೇಳಿ ನೋಡೋಣ. 1984ರ ಡಿಸೆಂಬರಿನಲ್ಲಿ ಅನಿಲ ದುರಂತದ ಬಳಿಕ ಭೋಪಾಲದ ಮಣ್ಣಿನೊಳಗೆ ಇಳಿಸಿದ ಆ ಮಗುವಿನ ಮುಖವನ್ನು ರಘು ರಾಯ್ ತೆಗೆದರು, ಪಾಬ್ಲೊ ಬಾರ್ತಲೋಮ್ಯೂ ತೆಗೆದರು. ನಲವತ್ತು ವರ್ಷದ ಮೇಲೂ ಅದರ ಮುಂದೆ ನಿಂತವರು ಯೂನಿಯನ್ ಕಾರ್ಬೈಡ್ ಎನ್ನುತ್ತಾರೆ, ಅನಿಲ ಎನ್ನುತ್ತಾರೆ, ನ್ಯಾಯ ಎನ್ನುತ್ತಾರೆ. ಯಾವ ಲೆನ್ಸ್ ಎಂದು ಯಾರಿಗಾದರೂ ಬಾಯಿ ಬರುತ್ತದೆಯೇ? ಮೈಸೂರಿನಲ್ಲಿ 1923ರಲ್ಲಿ ಹುಟ್ಟಿದ ಟಿ.ಎಸ್. ಸತ್ಯನ್ ಜೀವನವಿಡೀ ಸಾಮಾನ್ಯ ಜನರ, ಮಕ್ಕಳ ಮುಖಗಳ ಬೆನ್ನುಹತ್ತಿದರು. ಯುನಿಸೆಫ್‌ಗಾಗಿ ಅವರು ತೆಗೆದ ಮಕ್ಕಳ ಚಿತ್ರಗಳ ಮುಂದೆ ನಿಂತರೆ ಮಾತು ಆ ಮಕ್ಕಳದೇ. ಎ.ಎನ್. ಮುಕುಂದ ತೆಗೆದ ಕನ್ನಡ ಲೇಖಕರ ಭಾವಚಿತ್ರಗಳ ಮುಂದೆ ನಿಂತರೆ ಆ ಲೇಖಕರ ಮೌನದ ಬಗ್ಗೆ, ಮುಂಗೋಪದ ಬಗ್ಗೆ, ಮುಪ್ಪಿನ ಬಗ್ಗೆ ಮಾತು ಹುಟ್ಟುತ್ತದೆ. ಜಪಾನಿನ ಡೈಡೊ ಮೊರಿಯಾಮ ಪುಟ್ಟ ರಿಕೋ ಕ್ಯಾಮೆರಾ ಹಿಡಿದು ಟೋಕಿಯೊದ ಬೀದಿಗಳಲ್ಲಿ ತೆಗೆದ ಚಿತ್ರಗಳು ಒರಟು, ಅಲುಗಿದವು, ಫೋಕಸ್ ತಪ್ಪಿದವು. ಇಂದು ಅವನು ಹೆಸರು ಹೇಳದೆ ಅವುಗಳನ್ನು ನಮ್ಮ ನಡುವೆ ಇಟ್ಟರೆ ‘ಶಾರ್ಪ್ ಇಲ್ಲ ಸರ್, ಲೆನ್ಸ್ ಬದಲಾಯಿಸಿ’ ಎಂದು ಬೆನ್ನು ತಟ್ಟಿ ಕಳಿಸುತ್ತೇವೆ. ನಮ್ಮ ನೋಟ ಅಷ್ಟರಮಟ್ಟಿಗೆ ಕುರುಡಾಗಿದೆ.

ಇದನ್ನು ಬದಲಿಸಲು ಕಂಪನಿಗಳ ಅಪ್ಪಣೆ ಬೇಕಿಲ್ಲ, ಸರ್ಕಾರದ ಯೋಜನೆಯೂ ಬೇಕಿಲ್ಲ. ಫೋಟೊ ಹಂಚಿಕೊಳ್ಳುವಾಗ ಕ್ಯಾಮೆರಾದ ಹೆಸರು ಬರೆಯುವುದನ್ನು ಇಂದಿನಿಂದಲೇ ನಿಲ್ಲಿಸಿ. ಆ ಜಾಗದಲ್ಲಿ ಊರು ಬರೆಯಿರಿ, ಬೀದಿ ಬರೆಯಿರಿ, ದಿನಾಂಕ ಬರೆಯಿರಿ, ಅಲ್ಲಿ ಏನು ನಡೆಯುತ್ತಿತ್ತು ಎಂದು ನಾಲ್ಕು ಸಾಲು ಬರೆಯಿರಿ. ಬರೆಯಲು ಏನೂ ತೋಚದಿದ್ದರೆ ಆ ಫೋಟೊ ತೆಗೆದದ್ದು ಯಾಕೆ ಎಂದು ನಿಮ್ಮನ್ನೇ ಕೇಳಿಕೊಳ್ಳಿ, ಉತ್ತರ ಸಿಗುವವರೆಗೆ ಹಂಚಬೇಡಿ. ಚಿತ್ರದಲ್ಲಿರುವವರು ಒಪ್ಪಿದರೆ ಅವರ ಹೆಸರು ಹಾಕಿ. ಒಪ್ಪದಿದ್ದರೆ ಚಿತ್ರವನ್ನೇ ಇಳಿಸಿ. ಹತ್ತಿಪ್ಪತ್ತು ರೂಪಾಯಿಗೆ ಒಂದು ಪ್ರಿಂಟ್ ಆಗುತ್ತದೆ, ತೆಗೆದುಕೊಂಡು ಹೋಗಿ ಅವರ ಕೈಗೆ ಕೊಡಿ. ಆಗ ನಿಮ್ಮ ಚಿತ್ರದ ಬಗ್ಗೆ ಅವರು ಆಡುವ ಮಾತು ಯಾವ ತೀರ್ಪುಗಾರನ ಮಾತಿಗಿಂತಲೂ ದೊಡ್ಡದು.

ಸ್ಪರ್ಧೆ ನಡೆಸುವವರೇ, ಅರ್ಜಿಯಿಂದ ಕ್ಯಾಮೆರಾದ ಕಾಲಂ ತೆಗೆದುಹಾಕಿ, ಚಿತ್ರದಲ್ಲಿರುವವರ ಒಪ್ಪಿಗೆ ಇದೆಯೇ ಎಂಬ ಕಾಲಂ ಸೇರಿಸಿ. ಕ್ಲಬ್ಬುಗಳನ್ನು ನಡೆಸುವ ಹಿರಿಯರೇ, ತಿಂಗಳಿಗೆ ಒಂದು ಸಂಜೆಯಾದರೂ ಐದೇ ಐದು ಪ್ರಿಂಟ್ ಗೋಡೆಗೆ ಹಾಕಿ, ಪ್ರತಿಯೊಂದರ ಮುಂದೆ ಹದಿನೈದು ನಿಮಿಷ ನಿಲ್ಲಿಸಿ ಮಾತಾಡಿಸಿ, ಉಪಕರಣದ ಮಾತೆತ್ತಿದವರನ್ನು ಅಲ್ಲೇ ತಡೆಯಿರಿ. ಪುಟ್ಟ ಫುಲ್‌ಫ್ರೇಮ್ ಕೊಂಡ ಗೆಳೆಯರೇ, ಹತ್ತಿರ ಹೋಗಲೆಂದು ಮಾಡಿದ ಕ್ಯಾಮೆರಾ ನಿಮ್ಮ ಕೈಯಲ್ಲಿದೆ; ಕ್ರಾಪ್ ಗುಂಡಿ ಬಿಟ್ಟು ಹತ್ತಿರ ಹೋಗಿ, ಅಪರ್ಚರ್ ಕಿರಿದು ಮಾಡಿ, ನಿಮ್ಮೂರನ್ನು ಅದರ ಗೋಡೆ, ಕಂಬ, ಜನರ ಸಮೇತ ತೆಗೆಯಿರಿ. ಮತ್ತು ಮುಂದಿನ ಸಲ ಯಾರಾದರೂ ನಿಮಗೆ ಒಂದು ಫೋಟೊ ತೋರಿಸಿದಾಗ ನಾಲಗೆ ತುದಿಗೆ ಬಂದ ಆ ಹಳೆಯ ಪ್ರಶ್ನೆಯನ್ನು ನುಂಗಿ, ಒಂದು ನಿಮಿಷ ಚಿತ್ರವನ್ನು ನೋಡಿ, ‘ಇವರು ಯಾರು?’ ಎಂದು ಕೇಳಿ.